ಲಕ್ಕಿ ಅನ್ನದ ಬಾಯಿ

ಹೊರದೇಶದ ಕಂಪನಿ ನಮ್ಮ ಗಿಡದ ಹೆಸರು ಹೊಡೆದುಕೊಳ್ಳಲು ಬಂದಿತ್ತು, ಖರೆ. ಆದರೆ ಬಾಗಿಲು ತೆಗೆದುಕೊಟ್ಟವಳು ನಾನು.

ಗಿಡ ಲಕ್ಕಿ. ಹಳ್ಳದ ದಂಡೆಗೆ, ಹೊಲದ ಬೇಲಿಗೆ ತಾನೇ ಬೆಳೆಯುತ್ತದೆ. ನೆಗಡಿಗೆ ಅದರ ಹಬೆ, ಬಾಣಂತಿಗೆ ಅದರ ನೀರು, ಮಂಡಿ ನೋವಿಗೆ ಅದರ ಎಣ್ಣೆ. ಎಣ್ಣೆ ಕಾಯಿಸುವುದನ್ನು ನಮ್ಮೂರ ಹೆಣ್ಣುಮಕ್ಕಳ ಸಂಘಕ್ಕೆ ಕಲಿಸಿದ್ದು ನಾನೇ. ‘ಲಕ್ಕಿ ಎಣ್ಣೆ’ ಎಂದು ಚೀಟಿ ಅಂಟಿಸಿ ಕೊಟ್ಟೂರು, ಹಡಗಲಿ ಸಂತೆಗಳಲ್ಲಿ ಮಾರುತ್ತಿದ್ದರು. ಒಂದು ದಿನ ಆ ಕಂಪನಿಯ ಕಾಗದ ಬಂತು. ಆ ಹೆಸರು ತಾವೇ ಹುಟ್ಟಿಸಿದ್ದಂತೆ, ತಮ್ಮ ಟ್ರೇಡ್‌ಮಾರ್ಕಂತೆ, ಬಾಟಲಿ ಮೇಲೆ ಹಾಕಬಾರದಂತೆ.

ಆ ಹೆಸರು ಮೊದಲಿಂದಲೂ ನಮ್ಮದೇ ಎನ್ನಲು ಹಳಬರ ಹೇಳಿಕೆ ಬೇಕೆಂದು ಸಂಘದ ಪರವಾಗಿ ಹರಪನಹಳ್ಳಿಯ ವಕೀಲರು ಬಂದರು. ಸಂಘದ ಹೆಂಗಸರೆಲ್ಲ ಸುತ್ತ ಕೂತಿದ್ದರು. ರೆಕಾರ್ಡು ಮಾಡಲು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ಒಂದು ಟೊಂಗೆ ತೋರಿಸಿದರು.

“ಅಜ್ಜಿ, ಇದಕ್ಕ ಏನಂತೀರಿ?”

“ನೆಗಡಿ ಸೊಪ್ಪು.”

“ಲಕ್ಕಿ ಅನ್ನಲ್ಲೇನ್ರಿ?”

“ಮದಿವಿ ಆದಾಗಿಂದ ಒಮ್ಮೆನೂ ಆ ಮಾತು ನನ್ನ ಬಾಯಾಗ ಬಂದಿಲ್ಲ ನೋಡ್ರಿ.”

ನನ್ನ ಗಂಡನ ಹೆಸರು ಅದೇ ಅಕ್ಷರಗಳಿಂದ ಶುರುವಾಗುತ್ತದೆ. ಗಂಡನ ಹೆಸರು ಬಾಯಲ್ಲಿ ಅಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು, ನಾನು ಮದುವೆಯಾಗಿ ಬಂದ ವಾರದಲ್ಲೇ ನನ್ನತ್ತೆ ಬಾಯಿ ಕಟ್ಟಿದ್ದಳು. ವಕೀಲರು ಕೇಳಿದಾಗ ಆ ಭಯವೂ ಇರಲಿಲ್ಲ. ಅಷ್ಟು ಹೆಂಗಸರ ಮುಂದೆ ನಾನೇ ಗರತಿ ಎಂದು ಮೆರೆಯುವ ಸೊಕ್ಕು.

ವಕೀಲರು ಮೊಬೈಲು ಕೆಳಗಿಳಿಸಿದರು. ಸಂಘದ ಅಧ್ಯಕ್ಷೆ ನನ್ನ ತಂಗಿಯ ಮಗಳೇ. “ದೊಡ್ಡವ್ವ, ಕಂಪನಿ ಕಡಿಂದ ಸಾಕ್ಷಿ ಹೇಳಿದಂಗಾತಲ್ಲ! ಇನ್ನ ಬಾಟ್ಲಿ ಮ್ಯಾಲೆ ನಿನ್ನ ಗರತಿತನ ಅಂಟಿಸೂಣೇನು?” ಎಂದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಹೇಳಿದರೆ ಗಂಡ ಎಲೆ ಅಡಿಕೆ ಅಗಿಯುತ್ತಲೇ, “ಲೇ, ನೀ ಹೆಸರು ಅನ್ನದಿದ್ರೂ ನನ್ನ ಹಲ್ಲು ಹೋದ್ವು, ಮಂಡಿ ಹೋತು. ಇನ್ನ ಯಾವ ಆಯುಷ್ಯ ಕಾಯಾಕತ್ತೀ? ತವರುಮನ್ಯಾಗ ಏನಂತಿದ್ದಿ ಅದಕ್ಕ?” ಎಂದ.

ತವರು ಹಂಪಸಾಗರದಲ್ಲಿ ನನ್ನವ್ವ ಒಲೆ ಮುಂದಿನಿಂದ, “ಲಕ್ಕಿ ಸೊಪ್ಪು ಮುರ್ಕೊಂಡು ಬಾರೇ” ಎಂದು ಕೂಗುತ್ತಿದ್ದಳು. ಅವ್ವನ ಬಾಯಿಯ ಮಾತನ್ನು ಯಾರೋ ತಮ್ಮದೆಂದರೆ, ಹೌದೆಂದು ತಲೆ ಆಡಿಸಿ ಬಂದಿದ್ದೆ.

ಮರುದಿನ ಬೆಳಿಗ್ಗೆ ಬೇಲಿಯಿಂದ ಒಂದು ಟೊಂಗೆ ಮುರಿದುಕೊಂಡು ಮೊದಲ ಬಸ್ಸಿಗೆ ಹರಪನಹಳ್ಳಿಗೆ ಹೋದೆ. ವಕೀಲರ ಆಫೀಸು ಇನ್ನೂ ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ಮೊದಲು ಮನಸ್ಸಿನಲ್ಲಿ, ಆಮೇಲೆ ಸಣ್ಣ ದನಿಯಲ್ಲಿ, ಆಮೇಲೆ ಪಕ್ಕದ ಚಹಾ ಅಂಗಡಿಯವನು ತಿರುಗಿ ನೋಡುವಷ್ಟು ಜೋರಾಗಿ ಅಂದೆ: ಲಕ್ಕಿ.