ಏಳನೆಯ ಚೆಂಡು

ಮೊನ್ನೆ ಪಕ್ಕದ ಫ್ಲ್ಯಾಟಿನವರು ಹತ್ತಿ ಸೀರೆಗೆ ಗಂಜಿ ಹಾಕಿ ಬಾಲ್ಕನಿಯಲ್ಲಿ ಹರವಿದ್ದರು. ಅನ್ನದ ಗಂಜಿಯ ಆ ಹುಳಿ ಹುಳಿ ವಾಸನೆ ಕಿಟಕಿಯಿಂದ ಒಳಗೆ ಬಂತು. ಕೈಯಲ್ಲಿದ್ದ ಚಹಾ ಆರಿ ತಣ್ಣಗಾದರೂ ನನಗೆ ಕುಡಿಯುವ ಎಚ್ಚರವಿರಲಿಲ್ಲ. ಈಗಿನ ಕಾಲದಲ್ಲಿ ಮನೆಯಲ್ಲೇ ಗಂಜಿ ಹಾಕುವವರು ಯಾರಿದ್ದಾರೆ? ಇವರನ್ನು ಬಿಟ್ಟರೆ ನಾನು ಕಂಡವರು ಒಬ್ಬರೇ, ನಮ್ಮ ಕಾಕು. ಅದೂ ಸೀರೆಗಲ್ಲ, ಅಂಪೈರಿನ ಬಿಳಿ ಕೋಟಿಗೆ...

ನಾನು ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಾಗ ಎದುರು ಬಾಗಿಲಿನಲ್ಲಿ ಇದ್ದವರು ಅವರು; ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವಂತೆ ನಾನು ಅವರನ್ನು ಕಾಕು ಎನ್ನುತ್ತಿದ್ದೆ. ಬೆಳಗಾವಿ ಕಡೆಯವರು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು. ಶಿವಾಜಿನಗರದ ಆಫೀಸೊಂದರಲ್ಲಿ ಕ್ಲರ್ಕ್ ಆಗಿದ್ದರು. ವಾರವಿಡೀ ಸೀರೆ ಉಟ್ಟು ಬಸ್ಸು ಹತ್ತುತ್ತಿದ್ದ ಈ ಹೆಂಗಸು ರವಿವಾರ ಬಂತೆಂದರೆ ಕರಿ ಪ್ಯಾಂಟು, ಬಿಳಿ ಕೋಟು, ಅಗಲ ಹ್ಯಾಟು ಹಾಕಿಕೊಂಡು ಹೊರಡುತ್ತಿದ್ದರು. ಆಫೀಸುಗಳ, ಕಾಲೊನಿಗಳ ಕ್ರಿಕೆಟ್ ಪಂದ್ಯಗಳಿಗೆ ಅವರು ಅಂಪೈರ್. 'ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ' ಎಂದು ನಮ್ಮತ್ತೆ ಮೂಗು ಮುರಿಯುತ್ತಿದ್ದರು. ಮುರಿದ ಮೂಗಿನಲ್ಲೇ ಹೋಗಿ ಅವರ ಮನೆಯ ಮೆಂತ್ಯದ ಹಿಟ್ಟನ್ನು ಮಾತ್ರ ಬಟ್ಟಲುಗಟ್ಟಲೆ ಇಸಿದುಕೊಂಡು ಬರುತ್ತಿದ್ದರು.

ಸಂಜೆ ಪಲ್ಯದ ಸೊಪ್ಪು ಬಿಡಿಸುತ್ತ ಕೂತಾಗ ಕಾಕು ನನ್ನನ್ನು ಪರೀಕ್ಷೆಗೆ ಕೂರಿಸುತ್ತಿದ್ದರು.

"ಚೆಂಡು ಹೋಗಿ ಬ್ಯಾಟ್ಸ್‌ಮನ್ನನ ಪ್ಯಾಡಿನ್ಯಾಗ ಸಿಕ್ಕೊಂಡ್ರ ಏನಾಗತದ, ಹೇಳು?"

"ತಗದು ಕೊಡತಾನ್ರಿ, ಮತ್ತೇನು?"

"ಕೊಟ್ರೂ ಅಷ್ಟ, ಬಿಟ್ರೂ ಅಷ್ಟ. ಸಿಕ್ಕೊಂಡ ಕೂಡ್ಲೆ ಅದು ಡೆಡ್ ಬಾಲ್. ಆ ಚೆಂಡಿನ ಆಟ ಅಲ್ಲಿಗೆ ಮುಗೀತು."

ಗಾಳಿ ಜೋರಾಗಿ ಸ್ಟಂಪಿನ ಮೇಲೆ ಬೇಲ್ಸ್ ನಿಲ್ಲದಿದ್ದರೆ ಬೇಲ್ಸ್ ಇಲ್ಲದೆಯೇ ಆಡಿಸಬಹುದು, ಯಾರೂ ಅಪೀಲು ಮಾಡದಿದ್ದರೆ ಅಂಪೈರ್ ತಾನಾಗಿ ಔಟ್ ಕೊಡುವಂತಿಲ್ಲ... ಇಂಥವೆಲ್ಲ ನನಗೆ ಮೆಂತ್ಯಸೊಪ್ಪಿನ ಜೊತೆಗೇ ತಲೆಗೆ ಹತ್ತಿದವು. ಒಂದು ನಿಯಮ ಕೇಳಿ ಮಾತ್ರ ಬಿದ್ದು ಬಿದ್ದು ನಕ್ಕಿದ್ದೆ. ಅಂಪೈರ್ ಲೆಕ್ಕ ತಪ್ಪಿ ಓವರಿಗೆ ಐದೋ ಏಳೋ ಚೆಂಡು ಹಾಕಿಸಿದರೆ ಆ ತಪ್ಪು ಲೆಕ್ಕವೇ ಖಾಯಂ. ಏಳನೆಯ ಚೆಂಡಿಗೆ ಹೊಡೆದ ರನ್ನೂ ರನ್ನೇ, ಬಿದ್ದ ವಿಕೆಟ್ಟೂ ವಿಕೆಟ್ಟೇ. ಇದೆಂಥ ನ್ಯಾಯ ಎಂದರೆ ಕಾಕು ನಗಲಿಲ್ಲ. "ಮುಗದ ಚೆಂಡು ವಾಪಸ್ ಎಲ್ಲಿಂದ ತರ್ತಿ?" ಎಂದು ಕೇಳಿದ್ದರು.

ಕಲಿಸಿದ ಮೇಲೆ ಬಿಡುತ್ತಾರೆಯೇ? ರವಿವಾರ ನನ್ನನ್ನೂ ಸ್ಕೋರರ್ ಆಗಿ ಕರೆದುಕೊಂಡು ಹೋಗತೊಡಗಿದರು. ಚೆಂಡಿಗೊಂದು ಚುಕ್ಕಿಯೋ ಅಂಕಿಯೋ ಬರೆಯುವುದು ನನ್ನ ಕೆಲಸ. ಕಾಕು ಚೆಂಡು ಎಣಿಸುತ್ತಿದ್ದದ್ದು ಆರು ಹುಣಸೆ ಬೀಜಗಳಿಂದ. ಒಂದೊಂದು ಚೆಂಡು ಮುಗಿದಂತೆ ಒಂದೊಂದು ಬೀಜ ಎಡಗೈಯಿಂದ ಕೋಟಿನ ಕಿಸೆಗೆ ಹೋಗುತ್ತಿತ್ತು.

ಆ ವರ್ಷ ಅವರಿಗೆ ಒಂದು ದೊಡ್ಡ ಆಸೆ ಕೈಗೆಟುಕುವ ಹಾಗಿತ್ತು. ಪ್ಯಾನಲ್ ಅಂಪೈರ್ ಪರೀಕ್ಷೆಗೆ ಕೂರುವುದು. ಅದರಲ್ಲಿ ಪಾಸಾದರೆ ದೊಡ್ಡ ಮೈದಾನ, ದೊಡ್ಡ ಪಂದ್ಯ. ಪರೀಕ್ಷೆಗೆ ಹೋಗಲು ಯಾರಾದರೂ ಟೂರ್ನಿ ಸಂಘಟಕರ ಶಿಫಾರಸು ಬೇಕಿತ್ತು. ಮರುವರ್ಷಕ್ಕೆ ಅವರ ವಯಸ್ಸಿನ ಮಿತಿ ದಾಟಿಹೋಗುತ್ತಿತ್ತು. ಆಫೀಸು ತಂಡಗಳ ಟೂರ್ನಿಯ ಸಂಘಟಕರು ಫೈನಲ್ ಪಂದ್ಯವನ್ನು ಕಾಕುಗೆ ಕೊಟ್ಟು, ಇದೊಂದು ಸುಸೂತ್ರ ಆಗಲಿ, ಸಹಿ ಹಾಕುತ್ತೇನೆ ಎಂದಿದ್ದರು. ಹೆಂಗಸು ಗಂಡಸರ ಫೈನಲ್ಲಿಗೆ ನಿಂತದ್ದು ಆ ಟೂರ್ನಿಯಲ್ಲಿ ಅದೇ ಮೊದಲು.

ಸಾಸವಡ ರಸ್ತೆಯ ಮೈದಾನ. ಕಡೆಯ ಎರಡು ಓವರು ಉಳಿದಿದ್ದವು. ಬ್ಯಾಟಿಂಗ್ ತಂಡಕ್ಕೆ ಬೇಕಾದದ್ದು ನಾಲ್ಕೇ ರನ್, ಆದರೆ ಕೈಯಲ್ಲಿದ್ದದ್ದು ಒಂದೇ ವಿಕೆಟ್. ಚೆನ್ನಾಗಿ ಆಡುತ್ತಿದ್ದ ಅವರ ಕ್ಯಾಪ್ಟನ್ ಕಾಕುವಿನ ಪಕ್ಕ, ಬೌಲರ್ ತುದಿಯಲ್ಲಿ ನಿಂತಿದ್ದ. ಚೆಂಡು ಎದುರಿಸಬೇಕಾದವನು ಬ್ಯಾಟು ಹಿಡಿಯಲೂ ಬಾರದ ಹನ್ನೊಂದನೆಯವ. ಅವನು ಈ ಓವರ್ ಹೇಗೋ ತಡೆದರೆ ಸಾಕು, ಕಡೆಯ ಓವರ್ ಪೂರ್ತಿ ಕ್ಯಾಪ್ಟನ್‌ಗೆ ಸಿಗುತ್ತಿತ್ತು.

ಮೊದಲ ಮೂರು ಚೆಂಡು ಅವನು ಕಣ್ಣು ಮುಚ್ಚಿ ತಡೆದ. ಮೂರನೆಯ ಚೆಂಡು ಕೀಪರ್ ಕೈಸೇರಿ, ಬೌಲರ್ ತಿರುಗಿ ಹೊರಟ ಮೇಲೆ ಒಂದು ನಾಯಿ ಪಿಚ್ಚಿಗೆ ನುಗ್ಗಿತು. ಎಲ್ಲರೂ ಹೋ ಎಂದು ಅದರ ಹಿಂದೆ ಬಿದ್ದರು. ಕಾಕುವೂ ಕೈಯಲ್ಲಿದ್ದ ಬೀಜಗಳನ್ನು ಕಿಸೆಗೆ ಸುರಿದು ಎರಡೂ ಕೈ ಬೀಸಿ ಓಡಿಸಿದರು. ಮತ್ತೆ ಆಟ ಶುರುವಾಯಿತು. ನಾಲ್ಕು... ಐದು... ಆರು. ಹುಡುಗ ತಡೆದೇಬಿಟ್ಟ! ನಾನು ಆರನೆಯ ಚುಕ್ಕಿ ಇಟ್ಟು ಗೆರೆ ಎಳೆಯಲು ಪೆನ್ನು ಹಿಡಿದೆ. 'ಓವರ್' ಎಂಬ ಕೂಗು ಬರಲಿಲ್ಲ. ತಲೆಯೆತ್ತಿ ನೋಡಿದರೆ ಬೌಲರ್ ಚೆಂಡು ಉಜ್ಜುತ್ತ ಹಿಂದಕ್ಕೆ ನಡೆಯುತ್ತಿದ್ದಾನೆ.

ಎದ್ದು ನಿಂತು ಕೈ ಬೀಸಿದೆ, "ಕಾಕು, ಓವರ್ ಆತ್ರಿ!" ಎಂದು ಕಿರುಚಿದೆ. ತಮಟೆ, ಸೀಟಿಗಳ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಸ್ಕ್ವೇರ್ ಲೆಗ್ಗಿನಲ್ಲಿದ್ದ ಇನ್ನೊಬ್ಬ ಅಂಪೈರ್ ಮಹಾಶಯರು ಇನ್ನೂ ನಾಯಿ ಹೋದ ದಿಕ್ಕನ್ನೇ ನೋಡುತ್ತಿದ್ದರು. ಬೌಲರ್ ಓಡಿ ಬಂದ. ಮಧ್ಯದ ಸ್ಟಂಪು ಹಾರಿ ಬಿತ್ತು.

ಒಂದು ಕಡೆ ಕುಣಿತ ಶುರುವಾಯಿತು. ಇನ್ನೊಂದು ಕಡೆಯ ಕ್ಯಾಪ್ಟನ್ ನೇರವಾಗಿ ನನ್ನ ಮೇಜಿಗೇ ಓಡಿ ಬಂದ. ಚುಕ್ಕಿಗಳ ಮೇಲೆ ಬೆರಳಿಟ್ಟು ಎಣಿಸಿ ಮೇಜು ಗುದ್ದಿದ. ಅವನ ಹಿಂದೆ ಅವನ ಇಡೀ ತಂಡ, ಅವರ ಹಿಂದೆ ಸಂಘಟಕರು, ಎಲ್ಲರ ನಡುವೆ ದಾರಿ ಮಾಡಿಕೊಂಡು ಕಾಕು.

"ಎಷ್ಟು ಬರದಿ?"

"ಏಳು ಆಗ್ಯಾವ್ರಿ ಕಾಕು."

ಅವರು ಕಿಸೆಯೊಳಗಿನ ಬೀಜ ತೆಗೆದು ಒಮ್ಮೆ ನೋಡಿದರು. ಮುಖದ ರಕ್ತವೆಲ್ಲ ಇಳಿದುಹೋಯಿತು. ನಾಯಿ ಓಡಿಸಿದ ಮೇಲೆ ಕಿಸೆಯಿಂದ ಮೂರು ಬೀಜ ವಾಪಸು ತೆಗೆಯುವ ಬದಲು ನಾಲ್ಕು ತೆಗೆದಿದ್ದರು.

ಸಂಘಟಕರು ಚುರುಕು ಮನುಷ್ಯ. ದಾರಿ ಅವರಿಗೆ ಕೂಡಲೇ ಹೊಳೆಯಿತು. "ಮ್ಯಾಡಮ್, ಕುತ್ರಾ ಆಲಾ ಹೋತಾ ನಾ? ತೋ ಡೆಡ್ ಬಾಲ್ ಹೋತಾ ನಾ?" ಎಂದು ಮರಾಠಿಯಲ್ಲಿ ಎತ್ತಿಕೊಟ್ಟರು. ಹುಡುಗ ಆಡುವ ಮೊದಲೇ ನಾಯಿ ನುಗ್ಗಿ ಡೆಡ್ ಬಾಲ್ ಆಯಿತು ಎಂದುಬಿಟ್ಟರೆ ಆ ಚೆಂಡು ಲೆಕ್ಕಕ್ಕಿಲ್ಲ. ಏಳು ಆರಾಗುತ್ತದೆ, ತಪ್ಪೇ ಇರುವುದಿಲ್ಲ. ನನಗೂ ಹೋದ ಜೀವ ಬಂದಂತಾಯಿತು. ಅಲ್ಲಿ ಕನ್ನಡ ತಿಳಿಯುವವರು ನಾವಿಬ್ಬರೇ.

"ಹೂಂ ಅನ್ರಿ ಕಾಕು. ಒಂದು ಚುಕ್ಕಿ ಹೊಡದ ಹಾಕತೀನಿ."

"ನಾಯಿ ಬಂದದ್ದು ಚೆಂಡು ಮುಗದ ಮ್ಯಾಲ. ಏಳು ಆಗ್ಯಾವ, ಏಳ ಇರ್ಲಿ."

ಆಮೇಲೆ ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಹೇಳಿದರು. ಡೆಡ್ ಬಾಲ್ ಆಗಿಲ್ಲ, ಎಣಿಸಿದ್ದು ತಪ್ಪಿತು, ತಪ್ಪು ನನ್ನದು. ಆದರೆ ಅಂಪೈರ್ ಎಣಿಸಿದ್ದೇ ಓವರ್ ಎಂಬುದು ನಿಯಮ. ಹುಡುಗ ಔಟ್. ಪಂದ್ಯ ಮುಗಿಯಿತು.

ಕ್ಯಾಪ್ಟನ್ ಹೆಲ್ಮೆಟ್ಟನ್ನು ಅವರ ಕಾಲ ಬಳಿ ಒಗೆದ. ತಪ್ಪು ಒಪ್ಪಿದ ಮೇಲೆ ಔಟ್ ವಾಪಸು ತಗೊಳ್ಳಿ ಎಂದು ಜನ ಮುತ್ತಿದರು. ಮನೆಗೆ ಹೋಗಿ ಭಾಕ್ರಿ-ರೊಟ್ಟಿ ಬಡಿ ಎಂದು ಯಾರೋ ಒದರಿದ. ಒಬ್ಬ ಕೋಟಿನ ತೋಳಿಗೆ ಕೈ ಹಾಕಿದ. ಈಗ ಹೊಡೆತ ಬೀಳುತ್ತದೆ ಎಂದು ನಾನು ಪುಸ್ತಕ ಎದೆಗೊತ್ತಿ ನಿಂತಿದ್ದೆ. ಕಾಕು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೇ ಇದ್ದರು. ಆ ಕೈಗಳು ಮಾತ್ರ ನನಗೆ ಹಿಂದಿನಿಂದ ಕಾಣುತ್ತಿದ್ದವು, ಬೀಜಗಳನ್ನು ಬಿಗಿಯಾಗಿ ಹಿಡಿದಿದ್ದವು.

ಸಂಘಟಕರು ಸಹಿ ಹಾಕಲಿಲ್ಲ. ಆರರ ತನಕ ಎಣಿಸಲು ಬಾರದವರನ್ನು ಯಾವ ಮುಖ ಇಟ್ಟುಕೊಂಡು ಕಳಿಸಲಿ ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು. ಸುಳ್ಳು ಹೇಳಿ ತಾವಾದರೂ ಉಳಿಯಲಿಲ್ಲ, ಔಟ್ ಬಿಟ್ಟುಕೊಟ್ಟು ಅವರನ್ನಾದರೂ ಸಮಾಧಾನ ಮಾಡಲಿಲ್ಲ. ಹಡಪಸರ ದಾಟಿದ ಮೇಲೆ ಅವರೇ ಕಿಟಕಿಯ ಕಡೆ ಮುಖ ಮಾಡಿ, "ಒಂದ ಸಲ ದೊಡ್ಡ ಗ್ರೌಂಡಿನ್ಯಾಗ ನಿಲ್ಲಬೇಕಂತ ಭಾಳ ಇತ್ತವಾ," ಎಂದರು. ಸೆರಗಿಲ್ಲದ ಉಡುಪಲ್ಲವೇ, ಕೋಟಿನ ತೋಳಿನಿಂದಲೇ ಕಣ್ಣೊರೆಸಿಕೊಂಡರು.

ಮಂಡಿ ಕೈಕೊಡುವ ತನಕ ಅವರು ಕಾಲೊನಿ ಪಂದ್ಯಗಳಿಗೆ ನಿಲ್ಲುತ್ತಲೇ ಇದ್ದರು. ನಾವು ಬೇರೆ ಕಡೆ ಮನೆ ಮಾಡಿದೆವು. ಹಬ್ಬಕ್ಕೊಮ್ಮೆ ಫೋನು, ಬಂದರೆ ಮೆಂತ್ಯದ ಹಿಟ್ಟಿನ ಡಬ್ಬಿ... ಈ ಮಳೆಗಾಲದಲ್ಲಿ ಹೋಗಿಬಿಟ್ಟರು.

ಮಗಳು ಮರಾಠಿ ಪತ್ರಿಕೆಗೆ ಕೊಡಲು ನಿಧನದ ಸುದ್ದಿ ಬರೆದು, ಒಮ್ಮೆ ನೋಡು ಎಂದು ನನ್ನ ಕೈಗೆ ಕೊಟ್ಟಳು. ಹೆಸರಿನ ಕೆಳಗೆ 'ಪ್ಯಾನಲ್ ಅಂಪೈರ್' ಎಂದಿತ್ತು. ನಾನು ಅವಳ ಮುಖ ನೋಡಿದೆ.

"ಇರ್ಲಿ ಮಾವಶಿ. ಅವ್ವಗ ಈಗರ ಅಷ್ಟು ಸಿಗಲಿ. ಯಾರು ಕೇಳಾಕ ಬರತಾರ?"

ಯಾರೂ ಬರುತ್ತಿರಲಿಲ್ಲ. ಆ ಪದ ಅಲ್ಲಿ ಇರಲಿ ಎಂದು ಅವಳಿಗಿಂತ ನನಗೇ ಹೆಚ್ಚು ಆಸೆಯಿತ್ತು. ಆದರೂ 'ಪ್ಯಾನಲ್' ಎಂಬುದನ್ನು ಹೊಡೆದು ಹಾಕಿ ಕಾಗದ ಹಿಂದಿರುಗಿಸಿದೆ. ಮಗಳು ಕಾಗದ ಕಸಿದುಕೊಂಡು ಒಳಗೆ ಹೋದಳು. ಅವಳ ಸಿಟ್ಟು ನನಗೆ ಚೆನ್ನಾಗಿ ಗೊತ್ತಿದ್ದ ಸಿಟ್ಟು. ಮರುದಿನ ಪತ್ರಿಕೆಯಲ್ಲಿ ಅವರ ಫೋಟೋ, ಅದರ ಕೆಳಗೆ 'ಅಂಪೈರ್' ಎಂದಷ್ಟೇ. ಅಷ್ಟು ಖರೆ ಇರಬಾರದಿತ್ತು ಕಾಕು ಎಂದು ಅವರನ್ನು ಮನಸಾರೆ ಬೈಯಬೇಕೆನಿಸಿತು. ಬೈಸಿಕೊಳ್ಳಲು ಅವರೇ ಇರಲಿಲ್ಲ.