ಮಗಳು ಚೈನೀಸ್‌ನಲ್ಲಿ ಮಾತಾಡಿದ ಭಾನುವಾರ

ಕಳೆದ ವರ್ಷದ ಮಾತು. ಚೈನೀಸ್ ಹೊಸ ವರ್ಷ ಮುಗಿದು ಒಂದೂವರೆ ತಿಂಗಳಾಗಿತ್ತು, ನಮ್ಮ ಯುಗಾದಿ ಹತ್ತಿರ ಬಂದಿತ್ತು. ಭಾನುವಾರ ಬೆಳಿಗ್ಗೆ ಸಿಂಗಪುರದ ಟ್ಯಾಂಪಿನೀಸ್‌ನಿಂದ ಕಲ್ಲಾಂಗ್ ಕಡೆ ಹೋಗುವ ಎಂಆರ್‌ಟಿ ರೈಲಿನಲ್ಲಿ ನಾನೊಬ್ಬಳೇ ಕೂತಿದ್ದೆ. ಪರೀಕ್ಷೆ ಮಗಳದಾದರೂ ಒಂದೊಂದು ಸ್ಟೇಷನ್ನನ್ನೂ ಎಣಿಸುತ್ತಿದ್ದವಳು ನಾನು.

ನನ್ನ ಮಗಳು ಸಿಂಧು ಚೀನೀ ವೈದ್ಯೆ. ಚೀನಾದವಳಲ್ಲ, ಚೀನೀ ಪದ್ಧತಿಯ ವೈದ್ಯೆ. ನಾವು ಮೈಸೂರಿನವರು, ಇಲ್ಲಿಗೆ ಬಂದಾಗ ಅವಳಿನ್ನೂ ತೊಡೆಯ ಮೇಲಿನ ಕೂಸು. ನನ್ನವರಿಗೆ ಟುವಾಸ್‌ನ ಫ್ಯಾಕ್ಟರಿಯಲ್ಲಿ ಕೆಲಸ, ನನಗೆ ಚಾಂಗಿ ಹತ್ತಿರದ ಬ್ಯಾಂಕ್ ಆಫೀಸಿನಲ್ಲಿ. ನಾವಿಬ್ಬರೂ ಮನೆ ಸೇರುವವರೆಗೆ ಸಿಂಧು ಪಕ್ಕದ ಮನೆಯ ಚೀನೀ ಅಜ್ಜಿಯ ಹತ್ತಿರ ಇರುತ್ತಿದ್ದಳು. ಆ ಅಜ್ಜಿ ಅವಳಿಗೆ ಹೊಕ್ಕಿಯನ್ ಮಾತು ಕಲಿಸಿದರು. ಇಲ್ಲಿನ ಹಳೆಯ ಚೀನೀಯರ ಮನೆಮಾತು ಅದು, ಶಾಲೆಯಲ್ಲಿ ಕಲಿಸುವ ಚೈನೀಸ್ ಬೇರೆ. ಒಲೆಯ ಮೇಲೆ ಕುದಿಯುವ ಬೇರು, ಚಕ್ಕೆಗಳ ಹೆಸರನ್ನೂ ಕಲಿಸಿದರು. ಕನ್ನಡ ಇಲ್ಲದ ಇಲ್ಲಿನ ಶಾಲೆಯಲ್ಲಿ ಎರಡನೇ ಭಾಷೆ ಆರಿಸುವಾಗ ಸಿಂಧು ತಾನಾಗಿ ಚೈನೀಸ್ ಬೇಕೆಂದಳು. ನನ್ನವರು, "ಹಿಂದಿ ಏನ್ ನಮ್ಮ ಮನೆ ಭಾಷೇನಾ? ಇದನ್ನೇ ಓದ್ಲಿ ಬಿಡು" ಎಂದರು. ಅಲ್ಲಿಂದ ಶುರುವಾದದ್ದು ಚೀನೀ ವೈದ್ಯದ ಡಿಗ್ರಿಗೆ ಬಂದು ನಿಂತಿತು.

ಬೆಂಗಳೂರಿನಿಂದ ನನ್ನ ನಾದಿನಿ ಫೋನಿನಲ್ಲಿ, "ಅಲ್ಲ ಅತ್ತಿಗೆ, ನಮ್ಮ ಆಯುರ್ವೇದ ಇರ್ಲಿಲ್ವಾ? ಸಮುದ್ರ ದಾಟಿ ಹೋಗಿ ಇನ್ನೊಬ್ಬರ ಕಷಾಯ ಕಾಯಿಸ್ಬೇಕಿತ್ತಾ?" ಎಂದಿದ್ದಳು. ಮೈಗೆ ಸೂಜಿ ಚುಚ್ಚಿ ಗುಣಪಡಿಸುವ ವಿದ್ಯೆಯೂ ಅದರಲ್ಲಿದ್ದುದರಿಂದ ಇಲ್ಲಿನ ಕನ್ನಡ ಸ್ನೇಹಿತರ ಮನೆಗಳಲ್ಲಿ ಮಗಳಿಗೆ 'ಸೂಜಿ ಡಾಕ್ಟ್ರು' ಎಂದು ಹೆಸರು. ಸಿಂಧು ಅದಕ್ಕೆಲ್ಲ ನಕ್ಕುಬಿಡುತ್ತಿದ್ದಳು. ಓದು ಮುಗಿಸಿ, ಪರೀಕ್ಷೆ ಪಾಸಾಗಿ, ನೋಂದಣಿಯನ್ನೂ ಮಾಡಿಸಿಕೊಂಡಳು. ಕಲ್ಲಾಂಗ್ ಹತ್ತಿರದ ಒಂದು ತಾವೊ ಪಂಥದ ಚೀನೀ ದೇವಸ್ಥಾನ ನಡೆಸುವ ಧರ್ಮಾರ್ಥ ಚಿಕಿತ್ಸಾಲಯದಲ್ಲಿ ಲಿಮ್ ಎಂಬ ಹಿರಿಯ ವೈದ್ಯರ ಕೈಕೆಳಗೆ ಸೇರಿದಳು. ಚೀನೀ ವೈದ್ಯರನ್ನು ಇಲ್ಲಿ ಸಿನ್‌ಸೇ ಎನ್ನುತ್ತಾರೆ. ಆ ಭಾಗದ ವಯಸ್ಸಾದವರಿಗೆಲ್ಲ ಲಿಮ್ ಸಿನ್‌ಸೇ ಎಂದರೆ ದೇವರ ಸಮಾನ.

ಕಷ್ಟ ಶುರುವಾದದ್ದು ಅಲ್ಲಿಯೇ. ಟೋಕನ್ ಪ್ರಕಾರ ಅವಳ ಕೋಣೆಗೆ ಬಂದವರು ಬಾಗಿಲಲ್ಲಿ ನಿಂತು, ಅವಳ ಮುಖ ನೋಡಿ, "ಪರವಾಗಿಲ್ಲ, ನಾವು ಕಾಯ್ತೀವಿ" ಎಂದು ಹಿಂದಿರುಗುತ್ತಿದ್ದರು. ಯಾರೂ ಒರಟಾಗಿ ಮಾತಾಡಿದವರಲ್ಲ. ಆದರೆ ಲಿಮ್ ಅವರ ಬಾಗಿಲಲ್ಲಿ ಸಾಲು, ಇವಳ ಕೋಣೆ ಖಾಲಿ. ಒಂದು ಸಂಜೆ ಚಪ್ಪಲಿ ಬಿಡುತ್ತಲೇ ಹೇಳಿದಳು:

"ಅಮ್ಮ, ಇನ್ನೊಂದು ತಿಂಗಳು ಟ್ರೈ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ಅಪ್ಪ ಹೇಳಿದ್ ಡೇಟಾ ಕೋರ್ಸ್ ಜಾಯಿನ್ ಆಗ್ಬಿಡ್ತೀನಿ."

ಅವಳು ಅತ್ತಿದ್ದರೆ ನನಗೆ ಸಮಾಧಾನ ಮಾಡಲು ಬರುತ್ತಿತ್ತು. ಅವಳು ಅಷ್ಟು ತಣ್ಣಗೆ ಹೇಳಿದ್ದು ನನ್ನನ್ನು ಹೆದರಿಸಿತು.

ಹಾಗಿರುವಾಗ ದೇವಸ್ಥಾನದ ಮೂಲದೇವರ ಹುಟ್ಟುಹಬ್ಬ ಬಂತು. ಆ ದಿನ ಪ್ರತಿವರ್ಷ ಲಿಮ್ ಸಿನ್‌ಸೇ ಅಂಗಳದಲ್ಲಿ ಊಟ, ಔಷಧಿ, ಧ್ಯಾನದ ಬಗ್ಗೆ ಮಾತಾಡುವುದು ರೂಢಿ. ಆ ವರ್ಷ ಎರಡು ದಿನ ಮುಂಚೆ ಅವರ ಗಂಟಲು ಕಟ್ಟಿಹೋಯಿತು. ಪಿಸುದನಿಯಲ್ಲೇ ಸಿಂಧುವನ್ನು ಕರೆದು, "ನೀನು ಮಾತಾಡು" ಎಂದರಂತೆ. ಬೇರೆ ಹಿರಿಯರು ಇದ್ದರು. ಅವರನ್ನು ಬಿಟ್ಟು ಇವಳನ್ನೇ ಏಕೆ ಆರಿಸಿದರೋ, ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನು ಬರುತ್ತೇನೆಂದಾಗ ಸಿಂಧು, "ಬರ್ಲೇಬೇಕು ಅಂತೇನಿಲ್ಲ ಅಮ್ಮ. ನಿಂಗೆ ಒಂದ್ ವರ್ಡೂ ಅರ್ಥ ಆಗಲ್ಲ ಲಾ" ಎಂದಳು, ಇಲ್ಲಿನವರ ಹಾಗೆ ಕೊನೆಗೊಂದು 'ಲಾ' ಹಚ್ಚಿ. "ಅರ್ಥ ಮಾಡ್ಕೊಳೋಕೆ ಬರ್ತಿಲ್ಲ, ನೋಡೋಕೆ ಬರ್ತೀನಿ" ಎಂದೆ. ನನ್ನವರಿಗೆ ಅಂದು ಫ್ಯಾಕ್ಟರಿಯಲ್ಲಿ ಯಂತ್ರ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸ, ಬಿಡುವಿರಲಿಲ್ಲ.

ನಾನು ಹೋದಾಗ ಅಂಗಳದ ತುಂಬ ಊದುಬತ್ತಿಯ ಹೊಗೆ, ಸಾಲಾಗಿ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ಕೂತವರಲ್ಲಿ ಹೆಚ್ಚಿನವರದು ನರೆತ ತಲೆ. ಒಂದು ಮೂಲೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಬೇರುಗಳ ಸೂಪು ಕುದಿಯುತ್ತಿತ್ತು. ಸಿಂಧುವಿನ ಕಣ್ಣಿಗೆ ಬೀಳಬಾರದೆಂದು ಕೊನೆಯ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ಎಪ್ಪತ್ತೈದು ದಾಟಿದ ಒಬ್ಬ ಚೀನೀ ಆಂಟಿ, ಕೈಯಲ್ಲಿ ಬೀಸಣಿಗೆ.

"ನಿನಗೆ ಚೈನೀಸ್ ಬರುತ್ತಾ?" ಎಂದು ಕೇಳಿದರು. ಇಲ್ಲವೆಂದೆ.

"ಮತ್ತೆ ಇಲ್ಲಿ ಯಾಕ್ ಕೂತಿದೀಯ? ಇರ್ಲಿ ಬಿಡು, ನಾನ್ ಹೇಳ್ತೀನಿ." ಅವರು ಆಡಿದ್ದು ಸಿಂಗಪುರದ ಇಂಗ್ಲಿಷ್. ನಾನದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಪ್ರತಿ ಮಾತಿನ ಕೊನೆಗೂ ಒಂದು 'ಲಾ' ನೀವೇ ಸೇರಿಸಿಕೊಳ್ಳಿ.

ಬಿಳಿ ಕೋಟು ಹಾಕಿಕೊಂಡು ಸಿಂಧು ಮೈಕಿನ ಮುಂದೆ ಬಂದಳು. ಆಂಟಿ ಬೀಸಣಿಗೆ ನಿಲ್ಲಿಸಿದರು. "ಇದ್ಯಾವ್ದು ಈ ಇಂಡಿಯನ್ ಹುಡುಗಿ? ಮೈಕ್ ಟೆಸ್ಟ್ ಮಾಡೋಕೆ ಬಂದಿರ್ಬೇಕು. ಸಿನ್‌ಸೇ ಎಲ್ಲಿ?"

ನಾನು ಬಾಯಿ ಬಿಡಲಿಲ್ಲ. ಅವಳು ನನ್ನ ಮಗಳೆಂದು ಹೇಳಿದರೆ ಆಂಟಿ ಮರ್ಯಾದೆಗೆ ಒಳ್ಳೆಯ ಮಾತನ್ನಷ್ಟೇ ಆಡುತ್ತಾರೆ. ನನಗೆ ನಿಜ ಬೇಕಿತ್ತು.

ಸಿಂಧು ನಮಸ್ಕರಿಸಿ ಎರಡು ವಾಕ್ಯ ಆಡಿರಬಹುದು, ಅಷ್ಟರಲ್ಲಿ ಮುಂದಿನ ಸಾಲಿನಿಂದ ಟೋಪಿ ಹಾಕಿದ್ದ ಮುದುಕರೊಬ್ಬರು ಗಟ್ಟಿಯಾಗಿ ಏನೋ ಅಂದರು. ಸುತ್ತಲಿನವರು ನಕ್ಕರು.

"ಏನಂದ್ರು?"

"ನಾವು ಸೂಪಿನ ವಿಷಯ ಕೇಳೋಕೆ ಬಂದಿದ್ದು, ಇಂಡಿಯನ್ ಮಸಾಲೆ ಕರಿ ವಿಷಯ ಕೇಳೋಕಲ್ಲ ಅಂತಿದಾನೆ." ಆಂಟಿಯೂ ನಕ್ಕರು.

ಸಿಂಧು ಮಾತು ನಿಲ್ಲಿಸಿದಳು. ಅವಳ ಹೆಬ್ಬೆರಳು ಉಂಗುರದ ಬೆರಳನ್ನು ಉಜ್ಜುತ್ತಿತ್ತು. ಚಿಕ್ಕಂದಿನಿಂದಲೂ ಹೆದರಿದಾಗ ಅವಳು ಮಾಡುವುದೇ ಹಾಗೆ. ಎದ್ದು ಹೋಗಿ ಅವಳನ್ನು ಕೈಹಿಡಿದು ಮನೆಗೆ ಕರೆತಂದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅವಳು ಆ ಮುದುಕರ ಕಡೆ ತಿರುಗಿ, ಮುಗುಳ್ನಕ್ಕು, ನಿಧಾನವಾಗಿ ಏನೋ ಹೇಳಿದಳು. ಈ ಸಲ ಬಂದ ನಗು ಬೇರೆಯೇ ಥರದ್ದು. ಟೋಪಿಯವರೂ ತೊಡೆ ತಟ್ಟಿಕೊಂಡು ನಗುತ್ತಿದ್ದರು.

ಆಂಟಿ ನನ್ನ ಮೊಣಕಾಲಿಗೆ ಹೊಡೆದರು. "ಹೊಕ್ಕಿಯನ್! ಈ ಹುಡುಗಿ ಹೊಕ್ಕಿಯನ್ ಮಾತಾಡ್ತಾಳೆ! ನನ್ನ ಮೊಮ್ಮಕ್ಕಳಿಗೇ ಬರಲ್ಲ!"

"ಏನಂದಳು, ಆಂಟಿ?"

"'ಅಂಕಲ್, ನಮ್ಮ ಕರಿಗೂ ಶುಂಠಿ ಹಾಕ್ತೀವಿ, ನಿಮ್ಮ ಸೂಪಿಗೂ ಶುಂಠಿ ಹಾಕ್ತೀರಿ. ತಾನು ಯಾರ ಅಡುಗೆಮನೇಲಿದೀನಿ ಅಂತ ಶುಂಠಿಗೆ ಗೊತ್ತಿಲ್ಲ' ಅಂದ್ಲು."

ಅಲ್ಲಿಂದ ಮುಂದೆ ಆಂಟಿಯ ಅನುವಾದದ ಧಾಟಿಯೇ ಬದಲಾಯಿತು. ಒಂದು ಕಿವಿ ನನ್ನ ಕಡೆ, ಇನ್ನೊಂದು ಮೈಕಿನ ಕಡೆ. "ಹೊಟ್ಟೆ ಪೂರ್ತಿ ತುಂಬೋಕೆ ಮುಂಚೆ ಏಳ್ಬೇಕಂತೆ... ಬೆಳಿಗ್ಗೆ ಐಸ್ ಹಾಕಿದ್ದು ಕುಡೀಬಾರ್ದಂತೆ. ವಯಸ್ಸಾದವರಿಗೆ ಗೆಣಸು ಹಾಕಿದ ಅಕ್ಕಿ ಗಂಜಿ ಒಳ್ಳೇದಂತೆ. ಕರೆಕ್ಟ್, ನಮ್ಮಮ್ಮನೂ ಮಾಡ್ತಿದ್ಲು." ಡುರಿಯನ್ ಹಣ್ಣು ಉಷ್ಣ, ಅದರ ಜೊತೆ ತಂಪಿನ ಮ್ಯಾಂಗೊಸ್ಟೀನ್ ತಿನ್ನಬೇಕೆಂಬ ಮಾತು ಬಂದಾಗ, ಮಾವಿನ ಹಣ್ಣು ತಿಂದ ಮಕ್ಕಳಿಗೆ ಹಾಲು ಕುಡಿಸುತ್ತಿದ್ದ ನನ್ನ ಅಮ್ಮ ಕಣ್ಣ ಮುಂದೆ ಬಂದರು. "ಮನುಷ್ಯ ಮೇಣದಬತ್ತಿ ಇದ್ದ ಹಾಗೆ ಅಂತ ತಾವೊ ಹಿರಿಯರು ಹೇಳ್ತಿದ್ರಂತೆ. ದೇಹದ ಸತ್ವ ಮೇಣ, ಪ್ರಾಣಶಕ್ತಿ ಉರಿ, ಮನಸ್ಸು ಬೆಳಕು. ಮೇಣ ಹಾಳು ಮಾಡ್ಬೇಡಿ ಅಂತಿದಾಳೆ. ಚೆನ್ನಾಗ್ ಹೇಳ್ತಾಳೆ ಕಣೆ ಈ ಹುಡುಗಿ!"

ನಡುವೆ ಟೋಪಿಯ ಮುದುಕರು ಮತ್ತೆ ಎದ್ದು ನಿಂತರು. ಈ ಬಾರಿ ಕುಹಕವಿರಲಿಲ್ಲ. ಮಗ ದುಬಾರಿ ಜಿನ್‌ಸೆಂಗ್ ಬೇರು ತಂದುಕೊಟ್ಟಿದ್ದಾನೆ, ದಿನಾ ತಿಂದರೆ ಶಕ್ತಿ ಹೆಚ್ಚುತ್ತದೆಯೇ ಎಂದು ಕೇಳಿದರು. ಬೇರಿನ ವಿಷಯಕ್ಕೆ ಹೋಗುವ ಮುಂಚೆ ಸಿಂಧು ಅವರು ಆಸ್ಪತ್ರೆಯಿಂದ ಯಾವ ಮಾತ್ರೆ ತಗೊಳ್ಳುತ್ತಿದ್ದಾರೆಂದು ವಿಚಾರಿಸಿದಳು. ರಕ್ತ ತೆಳುವಾಗಿಸುವ ಮಾತ್ರೆಯಂತೆ. ಸಿಂಧು ಕೈಯಲ್ಲಿದ್ದ ಮೈಕನ್ನು ಇಳಿಸಿ, ಅವರ ಹತ್ತಿರ ಹೋಗಿ, ಬಗ್ಗಿ ಮಾತಾಡಿದಳು. ಆಮೇಲೆ ಎಲ್ಲರಿಗೂ ಮೈಕಿನಲ್ಲಿ ಹೇಳಿದಳು.

ಆಂಟಿ ನನಗೆ ದಾಟಿಸಿದರು: "ಆಸ್ಪತ್ರೆ ಡಾಕ್ಟ್ರನ್ನ ಕೇಳೋವರೆಗೂ ಬೇರು ಡಬ್ಬೀಲೇ ಇರ್ಲಿ ಅಂತಿದಾಳೆ. ಒಳ್ಳೆ ಗಿಡಮೂಲಿಕೆ ಆದ್ರೂ ಎಲ್ಲರಿಗೂ ಎಲ್ಲಾ ಹೊತ್ತಲ್ಲೂ ಒಳ್ಳೇದಲ್ವಂತೆ. ಯಾರೂ ಆಸ್ಪತ್ರೆ ಮಾತ್ರೆ ತಾವಾಗೇ ನಿಲ್ಲಿಸ್ಬಾರ್ದಂತೆ."

ಅಷ್ಟರಲ್ಲಿ ಬಂದು ಮೈಕಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಲಿಮ್ ಸಿನ್‌ಸೇ ಕತ್ತಿಗೆ ಮಫ್ಲರ್ ಸುತ್ತಿಕೊಂಡೇ ತಲೆಯಾಡಿಸಿದರು.

ಕೊನೆಗೆ ಧ್ಯಾನ. ಎರಡೂ ಅಂಗೈಯನ್ನು ಹೊಕ್ಕುಳ ಕೆಳಗಿಟ್ಟು ಕಣ್ಣು ಮುಚ್ಚಲು ಹೇಳಿದಳು. ಆಂಟಿ ಅನುವಾದ ನಿಲ್ಲಿಸಿ, ಬೀಸಣಿಗೆಯನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ. ಸಿಂಧುವಿನ ದನಿ ಮಾತ್ರ ಕೇಳುತ್ತಿತ್ತು. ಏರಿಳಿತವಿಲ್ಲದ, ಆತುರವಿಲ್ಲದ ದನಿ. ಒಂದು ಪದವೂ ತಿಳಿಯದಿದ್ದರೂ ನನ್ನ ಉಸಿರು ಅವಳ ಮಾತಿನ ಹಿಂದೆಯೇ ಹೋಯಿತು. ತಲೆಯ ಮೇಲಿನ ಭಾರವನ್ನು ಯಾರೋ ಮೆತ್ತಗೆ ಕೆಳಗಿಳಿಸಿದ ಹಾಗೆ ಇಷ್ಟು ದಿನದ ಕಳವಳ ಇಳಿಯಿತು. ಕಣ್ಣು ಬಿಟ್ಟಾಗ ಇಡೀ ಅಂಗಳ ಗುಡಿಯ ಗರ್ಭಗುಡಿಯಷ್ಟು ಶಾಂತವಾಗಿತ್ತು. ದೂರದ ರಸ್ತೆಯ ಬಸ್ಸಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅಷ್ಟೊಂದು ಜನ ಹಿರಿಯರು ನನ್ನ ಮಗಳ ಮಾತನ್ನು ನಂಬಿ ಕಣ್ಣು ಮುಚ್ಚಿ ಕೂತಿದ್ದರು.

ಎಲ್ಲ ಮುಗಿದ ಮೇಲೆ ಒಬ್ಬ ಹೆಂಗಸು ಕೈಯೆತ್ತಿ ಏನೋ ಕೇಳಿದರು. ಆಂಟಿ ಹೇಳಿದರು: "ಇದನ್ನೆಲ್ಲ ನಿನಗೆ ಯಾರು ಕಲಿಸಿದ್ರು ಅಂತ ಕೇಳ್ತಿದಾಳೆ... ಲಿಮ್ ಸಿನ್‌ಸೇ ಕಲಿಸಿದ್ರಂತೆ. ಹೊಕ್ಕಿಯನ್ ಪಕ್ಕದ್ಮನೆ ಅಜ್ಜಿ ಕಲಿಸಿದ್ದಂತೆ. ಆಮೇಲೆ ಅವಳಮ್ಮ. ಅವಳಮ್ಮಂಗೆ ಚೈನೀಸ್ ಒಂದಕ್ಷರ ಬರಲ್ವಂತೆ. ಆದ್ರೂ ಓದು ಅಂತ ಬಿಟ್ಟಳಂತೆ. ಅವಳಮ್ಮ ಇವತ್ತು ಇಲ್ಲೇ ಹಿಂದ್ಗಡೆ ಕೂತಿದಾಳಂತೆ. 'ನಾನೇನಾದ್ರೂ ತಪ್ಪು ಹೇಳಿದ್ರೆ ಈಗ್ಲೇ ನನ್ನ ಬೈದ್ಬಿಡಿ. ಆದ್ರೆ ದಯವಿಟ್ಟು ನಮ್ಮಮ್ಮಂಗೆ ಮಾತ್ರ ಹೇಳ್ಬೇಡಿ...'"

ಆಂಟಿಯ ಮಾತು ಅಲ್ಲಿಗೇ ನಿಂತಿತು. ಮೆಲ್ಲಗೆ ನನ್ನ ಕಡೆ ತಿರುಗಿದರು. ನನ್ನ ಕುಂಕುಮ ನೋಡಿದರು, ಚೂಡಿದಾರ ನೋಡಿದರು, ಒದ್ದೆಯಾಗಿದ್ದ ಕಣ್ಣು ನೋಡಿದರು.

"ಯೂ ಆ? ನೀನೇನಾ ಅವಳಮ್ಮ?"

ತಲೆಯಾಡಿಸಿದೆ.

"ಐಯೋ! ವೈ ಯೂ ನೆವರ್ ಸೇ!" ಎಂದು ನನ್ನ ತೋಳಿಗೆ ಬೀಸಣಿಗೆಯಿಂದಲೇ ಒಂದು ಬಿಟ್ಟರು. "ನಾನು ಮೈಕ್ ಟೆಸ್ಟ್ ಹುಡುಗಿ ಅಂತೆಲ್ಲ ಅಂದೆನಲ್ಲ!"

"ಅದಕ್ಕೇ ಹೇಳಲಿಲ್ಲ ಆಂಟಿ. ನೀವು ಆಮೇಲೆ ಹೊಗಳಿದ್ದನ್ನ ನಾನು ನಂಬೋ ಹಾಗಿರ್ಬೇಕಿತ್ತು."

ಅವರು ಬಾಯಿ ತುಂಬ ನಕ್ಕು, ನನ್ನ ಮೊಣಕೈ ಹಿಡಿದು ಎಬ್ಬಿಸಿ ನಿಲ್ಲಿಸಿ, ಚೈನೀಸ್‌ನಲ್ಲಿ ಏನೋ ಕೂಗಿದರು. ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಏನು ಮಾಡಬೇಕೋ ತೋಚದೆ ಕೈ ಮುಗಿದೆ. ಜನ ಚಪ್ಪಾಳೆ ತಟ್ಟತೊಡಗಿದರು. ಮೈಕಿನ ಹತ್ತಿರ ಸಿಂಧು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಊಟದ ಸಾಲಿನಲ್ಲಿ ಆಂಟಿ ನನ್ನ ಕೈ ಬಿಡಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಿದ್ದರು. ಸೂಪಿನ ಬಟ್ಟಲು ನನಗೇ ಮೊದಲು ಬಂತು. ಟೋಪಿಯ ಮುದುಕರು ಸಿಂಧುವಿನ ಬಳಿ ಹೋಗಿ ತುಂಬ ಹೊತ್ತು ಮಾತಾಡುವುದನ್ನು ದೂರದಿಂದ ಕಂಡೆ. ಮರುವಾರ ಅವರು ತಮ್ಮ ಮಾತ್ರೆ, ಬೇರು ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಅವಳ ಕೋಣೆಗೇ ಬಂದರಂತೆ. ಆಸ್ಪತ್ರೆಯ ಡಾಕ್ಟರೂ ಆ ಬೇರು ಬೇಡವೆಂದರಂತೆ.

ಆ ದಿನದಿಂದ ಎಲ್ಲವೂ ಬದಲಾಯಿತೆಂದರೆ ಸುಳ್ಳಾಗುತ್ತದೆ. ಇಂದಿಗೂ ಕೆಲವರು ಲಿಮ್ ಸಿನ್‌ಸೇಗಾಗಿಯೇ ಕಾಯುತ್ತಾರೆ, ಅದು ಅವರ ಇಷ್ಟ. ಆದರೆ ಸಿಂಧುವಿನ ಬಾಗಿಲಲ್ಲೂ ಈಗ ಸಾಲಿದೆ. ಡೇಟಾ ಕೋರ್ಸಿನ ಮಾತು ನಮ್ಮ ಮನೆಯಲ್ಲಿ ಮತ್ತೆ ಬಂದಿಲ್ಲ. ಯುಗಾದಿ ಊಟಕ್ಕೆ ಸೇರಿದಾಗ ಯಾರೋ "ಸೂಜಿ ಡಾಕ್ಟ್ರು ಬರ್ಲಿಲ್ವಾ?" ಎಂದಾಗ ನನ್ನವರೇ, "ಬರ್ತಾಳೆ, ಪೇಶೆಂಟ್ಸ್ ಜಾಸ್ತಿ ಅಂತೆ" ಎಂದು ಎದೆಯುಬ್ಬಿಸಿ ಉತ್ತರಿಸಿದರು.

ಸಿಂಧು ಚಿಕ್ಕವಳಿದ್ದಾಗ ಕನ್ನಡದವರ ಕಾರ್ಯಕ್ರಮಗಳಲ್ಲಿ ಪದ್ಯ ಹೇಳಲು ವೇದಿಕೆ ಹತ್ತುತ್ತಿದ್ದಳು. ಬಾಯಿಪಾಠ ಮಾಡಿಸಿದವಳು ನಾನೇ ಆದ್ದರಿಂದ ಕೆಳಗೆ ನಿಂತು ಅವಳ ಜೊತೆ ತುಟಿ ಆಡಿಸುತ್ತಿದ್ದೆ, ಎಲ್ಲಿ ಮರೆತುಬಿಡುತ್ತಾಳೋ ಎಂಬ ಭಯಕ್ಕೆ. ದೇವಸ್ಥಾನದ ಅಂಗಳದಲ್ಲಿ ನಾನು ಹೇಳಿಕೊಡಬಹುದಾದ ಪದ ಒಂದೂ ಇರಲಿಲ್ಲ. ಅವಳು ತಡವರಿಸಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ. ಮಗಳ ಬಗ್ಗೆ ಹೆಮ್ಮೆಪಟ್ಟ ಸಂದರ್ಭಗಳು ಬೇಕಾದಷ್ಟಿವೆ. ಆದರೆ ನನ್ನ ನೆರವು ಎಳ್ಳಷ್ಟೂ ಬೇಕಿಲ್ಲದ ಕಡೆ ಅವಳು ಒಬ್ಬಳೇ ನಿಂತು ಗೆದ್ದದ್ದನ್ನು ನೋಡಿದ ಹೆಮ್ಮೆ ಬೇರೆ. ಅಂದು ನನ್ನ ತುಟಿಗಳು ಸುಮ್ಮನಿದ್ದವು. ಚಪ್ಪಾಳೆ ಮಾತ್ರ ಆ ಅಂಗಳದಲ್ಲಿ ನನ್ನದೇ ಎಲ್ಲರಿಗಿಂತ ಜೋರಾಗಿತ್ತು.