ಗೋಡೆಗೇರಿದ ತೋಪಡಗಳು

ಹಾಸನದ ನಮ್ಮ ಬೀದಿಯಲ್ಲಿ ಮೊನ್ನೆ ಯಾರೋ ಹೊಸ ಮನೆಗೆ ಬಾಗಿಲು ಕೂರಿಸುತ್ತಿದ್ದರು. ಹಲಸಿನ ಮರದ ಹಳದಿ ಸಿಪ್ಪೆ ಸುರುಳಿ ಸುರುಳಿಯಾಗಿ ರಸ್ತೆಯ ತನಕ ಹಾರಿ ಬಂದಿತ್ತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಅರಕಲಗೂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದರು...

ಅಕ್ಕ ನನಗೆ ಸಂಬಂಧಿಯೇನಲ್ಲ. ಅಲ್ಲಿನ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿ ನಾನು ಆ ಬೀದಿಗೆ ಬಾಡಿಗೆಗೆ ಹೋಗಿದ್ದೆ. ಅವರ ಗಂಡ ಬಡಗಿ. ಅವರು ತೋಪಡ ಹೊಡೆದು ಹಲಗೆ ನಯ ಮಾಡುವಾಗ ಇನ್ನೊಂದು ತುದಿಯನ್ನು ಹಿಡಿದು ಕೂರುವುದು ಅಕ್ಕನ ಕೆಲಸ. ಮಕ್ಕಳಿರಲಿಲ್ಲ. ಒಂದು ಸಲ ಜ್ವರ ಬಂದು ಮಲಗಿದ ಗಂಡ ಮತ್ತೆ ಏಳಲಿಲ್ಲ.

ತಿಥಿಗೆ ಮೈದುನ ಬಂದಿದ್ದ. ಚನ್ನರಾಯಪಟ್ಟಣದಲ್ಲಿ ಅವನದು ಫರ್ನಿಚರ್ ಅಂಗಡಿ. ಊಟವಾಗಿ ಕೈ ತೊಳೆಯುತ್ತ, "ಅತ್ಗೆ, ಅಣ್ಣನ್ ತೋಪಡಗ್ಳು ಚೀಲ್ದಲ್ಲಿ ಸುಮ್ಕೆ ತುಕ್ಕಿಡೀತವೆ. ಇನ್ನೊಂದ್ಸಲ ಬಂದಾಗ ತಗೊಂಡೋಯ್ತೀನಿ" ಎಂದ. ಕೆಟ್ಟ ಮಾತೇನಲ್ಲ. ಅಕ್ಕ ಆ ಚೀಲವನ್ನು ಒಳಗೆ ತೆಗೆದಿಟ್ಟರು.

ಮರುದಿನ ನಮ್ಮ ಬಾಗಿಲಿಗೆ ಬಂದು, "ಮೇಡಂ, ಗೋಡೆ ತೂತು ಒಡಿಯೋ ಮಿಷಿನ್ ಕೊಡ್ತೀರಾ?" ಎಂದು ಕೇಳಿದರು. ಮಿಷಿನ್ ಹಿಡಿದು ನಾನೂ ಹೋದೆ.

ಮಂಚ ಮಾಡಲೆಂದು ಗಂಡ ತೆಗೆದಿಟ್ಟಿದ್ದ ಹಲಸಿನ ಹಲಗೆಗಳನ್ನು ಅಕ್ಕ ಹೊರಗೆಳೆದಿದ್ದರು. ಅವರು ತೋಪಡ ಹಿಡಿದದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಶುರುವಿನಲ್ಲಿ ತಡವರಿಸಿತು, ಆಮೇಲೆ ಸರಾಗವಾಗಿ ಓಡಿತು. ತೋಪಡಗಳನ್ನಿಡಲು ಹಲಗೆಯನ್ನು ಗೋಡೆಗೆ ತುಸು ಹಿಂದೊರಗಿಸಿ ಕೂರಿಸುವುದು, ಒಂದೊಂದು ತೋಪಡಕ್ಕೂ ಕೆಳಗೊಂದು, ಅಕ್ಕಪಕ್ಕ ಒಂದೊಂದು ಪಟ್ಟಿ ಕೊಡುವುದು, ಇದು ಅವರ ಯೋಚನೆ. ತೋಪಡದ ಅಡಿಯಿಂದ ಇಣುಕುವ ಬ್ಲೇಡು ಹಲಗೆಗೆ ತಾಗಬಾರದೆಂದು ಒಳಗೊಂದು ತೆಳು ಪಟ್ಟಿಯನ್ನೂ ಹೊಡೆದರು.

ಗೋಡೆ ಮಾತ್ರ ಮಣ್ಣಿನದು. ಎಲ್ಲ ತೋಪಡಗಳನ್ನೂ ಏರಿಸಿದ ಸ್ವಲ್ಪ ಹೊತ್ತಿಗೇ ಒಂದು ಕಡೆಯ ಸ್ಕ್ರೂ ಮಣ್ಣಿನ ಸಮೇತ ಕಿತ್ತುಬಂತು. ದೊಡ್ಡ ತೋಪಡ ನೆಲಕ್ಕೆ ಬಿದ್ದು ಅದರ ಹಿಡಿ ಸೀಳಿತು. ಗಂಡ ಹೋದಾಗಲೂ ಅಕ್ಕ ಹಾಗೆ ಅತ್ತಿರಲಿಲ್ಲ.

"ಬಿಡಿ ಅಕ್ಕ, ಅವರೇ ತಗೊಂಡು ಹೋಗಲಿ" ಎಂದೆ.

"ತಗೊಂಡೋದ್ರೆ ನಾನೇನ್ ಮಾಡ್ಲಿ ಮೇಡಂ? ನಂಗ್ ಬರಾದು ಇದೊಂದೇ ಕೆಲ್ಸ ಕಣಿ."

ಹಲಗೆ ಇಳಿಸಲು ನಾನೂ ಕೈಕೊಟ್ಟೆ. ಅವರು ತೂತುಗಳನ್ನು ದೊಡ್ಡದು ಮಾಡಿ, ಸಿಮೆಂಟು ತುಂಬಿ, ಮರದ ಗೂಟ ಬಡಿದು, ಅದು ಒಣಗುವ ತನಕ ಕಾದರು. ಗೂಟಕ್ಕೆ ಸ್ಕ್ರೂ ಹಾಕಿದ ಮೇಲೆ ನಾನು ಹಲಗೆ ಹಿಡಿದು ಜೋತುಬಿದ್ದು ನೋಡಿದೆ. ಅಲ್ಲಾಡಲಿಲ್ಲ. ಸೀಳಿದ ಹಿಡಿಗೆ ಅಂಟು ಹಚ್ಚಿ, ದಾರ ಸುತ್ತಿ, ಅದನ್ನೂ ಅದರ ಜಾಗದಲ್ಲಿಟ್ಟರು.

ಮೈದುನ ಖಾಲಿ ಚೀಲ ಹಿಡಿದು ಬಂದಾಗ ನಾನು ಅಲ್ಲೇ ಇದ್ದೆ. ಗೋಡೆಯ ಮುಂದೆ ಬಹಳ ಹೊತ್ತು ನಿಂತ. ಒಂದೊಂದನ್ನೂ ಮುಟ್ಟಿ ನೋಡಿದ.

"ಅಣ್ಣ ಒಂದಿನಾನೂ ಇಂಗೆ ಜೋಡ್ಸಿಡ್ಲಿಲ್ಲ ಕಣತ್ಗೆ."

"ಇವು ನಂಗ್ ಬೇಕು. ಕೆಲ್ಸ ಮಾಡ್ತೀನಿ."

"ನಿಂಗ್ಯಾರ್ ಕೊಟ್ಟಾರು ಕೆಲ್ಸವ?"

"ನೀನೇ ಕೊಡು" ಎಂದರು ಅಕ್ಕ.

ಅವನಿಗೆ ನಗು ಬಂತು. ಚೀಲ ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಟ. ಸ್ವಲ್ಪ ದಿನಕ್ಕೆ ಅವನ ಅಂಗಡಿಯಿಂದ ಲಗೇಜ್ ಆಟೋದಲ್ಲಿ ನಯ ಮಾಡಲೆಂದು ಮಂಚದ ಕಾಲುಗಳು ಬಂದಿಳಿದವು. ಮುಂದೆ ಸ್ಟೂಲು, ಮಣೆ, ಕಿಟಕಿ ಪಟ್ಟಿ... ಬೀದಿಯವರು ಮೊದಮೊದಲು ಕಿಟಕಿಯಲ್ಲಿ ಇಣುಕುತ್ತಿದ್ದರು, ಆಮೇಲೆ ತಮ್ಮ ಮನೆಯ ಮುರಿದ ಕುರ್ಚಿಗಳನ್ನೂ ತಂದುಕೊಟ್ಟರು.

ನನಗೆ ಹಾಸನಕ್ಕೆ ವರ್ಗವಾಯಿತು. ಫೋನಿನಲ್ಲಿ ಮಾತಾಡುತ್ತಿದ್ದೆವು, ಅದೂ ಬರಬರುತ್ತ ಕಡಿಮೆಯಾಯಿತು. ಮೊನ್ನೆ ಆ ವಾಸನೆಯ ಗುಂಗಿನಲ್ಲಿ ಅಕ್ಕನ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಮೈದುನ.

"ಅತ್ಗೆ ತೀರ್ಕೊಂಡ್ರು ಮೇಡಂ. ಯುಗಾದಿ ಆದ್ಮೇಲೆ" ಎಂದ. ಆಮೇಲೆ ಅವನೇ ಹೇಳಿದ: "ತೋಪಡಗ್ಳ ಇಳಿಸ್ಕಬರಾನ ಅಂತ ಓಗಿದ್ದೆ. ಕೊಡಾಕಿಲ್ಲ ಅನ್ನಾಕೆ ಯಾರೂ ಇರ್ಲಿಲ್ಲ. ಗೋಡೆ ಮ್ಯಾಲೇ ಅಂಗೇ ಬುಟ್ಬಂದೆ."

ಹಾಸನದಿಂದ ಅರಕಲಗೂಡಿಗೆ ಈಗಲೂ ಬಸ್ಸುಗಳು ಹೋಗುತ್ತಲೇ ಇರುತ್ತವೆ. ಆ ಬೀದಿಯಲ್ಲಿ ನಾನು ಹೋಗಿ ಬಾಗಿಲು ತಟ್ಟುವಂಥ ಮನೆ ಇನ್ನಿಲ್ಲ.